ಹಿಂಬದಿಯ ಕಪ್ಪು ಡಬ್ಬಿ

ಸೂಜಿಯಕ್ಕ ಯಾರ ಅಂಗಡಿಯಲ್ಲೂ ಕಾದು ಕೂತವಳಲ್ಲ. ಜನರೇ ಅವಳ ಹೊಲಿಗೆ ಮೆಷಿನ್ ಮುಂದೆ ಕಾದು ಬೈದುಕೊಳ್ಳುತ್ತಿದ್ದರು. ಇವತ್ತು ಮಾತ್ರ ಟಿವಿಗೆ ಜೋಡಿಸಿ ನಡೆಸುವ ಅಣ್ಣನ ಹಳೇ ಕಂಪ್ಯೂಟರನ್ನು ಮಡಿಲಲ್ಲಿಟ್ಟುಕೊಂಡು ಟಿವಿ ರಿಪೇರಿಯವನ ಎದುರು ಮುದುಡಿ ಕೂತಿದ್ದಳು. ಅವಳು ಹೊಲಿಗೆ ಕಲಿಯುವಾಗ ಅಣ್ಣ ಇದರಲ್ಲೇ ಒಂದು ರಾಗ ಕಟ್ಟಿ ಕ್ಯಾಸೆಟ್ಟಿನಲ್ಲಿ ಉಳಿಸಿಟ್ಟಿದ್ದ; ಈ ಕಂಪ್ಯೂಟರಿಗೆ ಹಾಕಿದರೆ ಮಾತ್ರ ಅದು ಹಾಡುತ್ತಿತ್ತು. "ನಿನ್ನ ಪೆಡಲಿನ ತಾಳ ತಪ್ಪಿದ್ರೂ ಇದು ತಪ್ಪಲ್ಲ, ಕೇಳೇ" ಎಂದು ರೇಗಿಸುತ್ತಿದ್ದ. ಹೋದ ತಿಂಗಳು ಅವನು ತೀರಿಕೊಂಡ. ಆ ರಾಗ ಹೇಗಿತ್ತೆಂದು ಎಷ್ಟು ತಲೆ ಚಚ್ಚಿಕೊಂಡರೂ ಅವಳಿಗೆ ನೆನಪಾಗುತ್ತಿಲ್ಲ.

"ಯಾವ ಮಾಡಲ್ ಅಕ್ಕಾ? ಅಡಿಯಲ್ಲಿ ಚೀಟಿ ಇರಬೇಕಲ್ಲ" ಎಂದು ರಿಪೇರಿಯವ ಮಗುಚಿ ನೋಡಿದ.

"ನಮ್ಮತ್ತಿಗೆ ಸೀಮೆಎಣ್ಣೆ ಹಾಕಿ ಉಜ್ಜಿಬಿಟ್ಟಿದ್ದಾರೆ. ನಂಗೆ ಕೊಡೋವಾಗ ಫಳಫಳ ಅನ್ಲಿ ಅಂತ."

ಅವನು ಸ್ಕ್ರೂ ಬಿಚ್ಚಿ, ಭೂತಗನ್ನಡಿ ಹಿಡಿದು ಒಳಗಿನ ಚಿಪ್‌ಗಳ ಮೇಲಿನ ಅಕ್ಷರ ಓದಿದ. "ಮೊದಲು ಬಂದ ಮಾಡಲ್ಲು. ಮೆಮೊರಿ ಬರೀ ಹದಿನಾರು ಕೆಬಿ." ಅದನ್ನು ಟಿವಿಗೂ ಟೇಪ್ ರೆಕಾರ್ಡರಿಗೂ ಜೋಡಿಸಿ ಕ್ಯಾಸೆಟ್ ಹಾಕಿದ. ಕೀರಲು ಸದ್ದು, ಪರದೆ ತುಂಬ ಪಟ್ಟೆಗಳು. ಸೂಜಿಯಕ್ಕ ಪರದೆಯತ್ತ ಬಾಗಿದಳು. ಪಟ್ಟೆಗಳು ಅರ್ಧಕ್ಕೇ ನಿಂತವು.

"ಟೇಪು ಚೆನ್ನಾಗೇ ಇದೆ ಅಕ್ಕಾ. ಜಾಗ ಸಾಲ್ತಿಲ್ಲ. ಅರ್ಧ ಮೀಟರ್ ಬಟ್ಟೇಲಿ ಅಂಗಿ ಹೊಲಿ ಅಂದ್ರೆ ನೀವು ಹೊಲೀತೀರಾ?" ಅವನು ಹಿಂಬದಿಯ ಸವೆದ ಅಂಚನ್ನು ತೋರಿಸಿದ. "ಇಲ್ಲಿ ಒಂದು ಡಬ್ಬಿ ಸಿಕ್ಕಿಸ್ತಿದ್ರು. ಹೆಚ್ಚಿನ ಮೆಮೊರಿದು. ಕಪ್ಪಗೆ, ಸೋಪಿನ ಪೆಟ್ಟಿಗೆಯಷ್ಟು ಇರುತ್ತೆ. ಎಲ್ಲಿ ಅದು?"

ಎಲ್ಲಿ ಅಂತ ಅವಳಿಗೆ ಗೊತ್ತಿತ್ತು. ಕೀಲಿ ಇಲ್ಲ, ಗುಂಡಿ ಇಲ್ಲ, ಯಾಕೆ ದಂಡಪಿಂಡ ಎಂದು ಅತ್ತಿಗೆ ಅದನ್ನು ಗುಜರಿಯವನಿಗೆ ಹಾಕಿದ್ದರು. ಹಾಕಿದ್ದನ್ನು ಹೆಮ್ಮೆಯಿಂದ ಹೇಳಿಯೂ ಇದ್ದರು. ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಅತ್ತಿಗೆಯದೇ ಫೋನು.

"ಅದು ಹಾಡಿತೇನೇ?"

"ಇಲ್ಲ ಅತ್ತಿಗೆ."

"ನಾನೇನಾದ್ರೂ ಉಜ್ಜಿ ಕೆಡಿಸಿದ್ನಾ?" ದನಿ ನಡುಗುತ್ತಿತ್ತು. ಗಂಡನನ್ನು ಕಳಕೊಂಡವರಿಗೆ ಇದನ್ನೂ ಹೊರಿಸಲು ಸೂಜಿಯಕ್ಕನಿಗೆ ಬಾಯಿ ಬರಲಿಲ್ಲ.

"ಛೆ, ನೀವೇನ್ ಮಾಡಿದ್ರಿ! ಟೇಪೇ ಬೂಷ್ಟು ಹಿಡಿದಿದೆ."

"ಹಂಗಾದ್ರೆ ಎಸೆದ್ಬಿಡೇ. ನೋಡ್ತಾ ಕೂತ್ರೆ ನಿಂಗೂ ಸಂಕಟ."

"ಹೂಂ" ಎಂದಳು. ಫೋನಿಟ್ಟು, ಕ್ಯಾಸೆಟ್ಟನ್ನು ಹೊರತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ರಿಪೇರಿಯವನನ್ನು ಕೇಳಿದಳು: "ಅಂಥ ಡಬ್ಬಿ ಬೇರೆ ಎಲ್ಲಾದ್ರೂ ಸಿಗುತ್ತಾ?"

"ಸಿಕ್ಕಿದ್ರೆ ಫೋನ್ ಮಾಡ್ತೀನಿ ಅಕ್ಕಾ" ಎಂದು ಅವನು ತಲೆ ತಗ್ಗಿಸಿ ಸ್ಕ್ರೂ ಬಿಗಿಯತೊಡಗಿದ. ಅವಳ ನಂಬರು ಮಾತ್ರ ಕೇಳಲಿಲ್ಲ.