ಮಡಿಲಲ್ಲಿ ಮೊಸರಿನ ಗಡಿಗೆ

ಬೆಳಗಾವಿಯಿಂದ ಮೈಸೂರಿಗೆ ಹಾರಲು ಎರಡು ವಿಮಾನ ಕಂಪನಿಗಳು ಜಿದ್ದಿಗೆ ಬಿದ್ದ ಕಾಲವೊಂದಿತ್ತು. ಜಗಳ ಅವರದು, ಹಬ್ಬ ನನ್ನದು. ಬೆಳಗಾವಿಯ ಅನಗೋಳದ ಶಾಲೆಯಲ್ಲಿ ಪಾಠ ಹೇಳುವ ನನಗೆ ಬಿಡುವೆಂದರೆ ಭಾನುವಾರವೊಂದೇ. ಮೈಸೂರಿಗೆ ಕೊಟ್ಟ ಅಕ್ಕನಿಗೋ, ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ತವರಿಗೆ ಬರಲು ಆಗುತ್ತಿರಲಿಲ್ಲ. ಬೆಳಿಗ್ಗೆ ಹೋಗಿ ಸಂಜೆಗೆ ಮರಳುವಂತಾದ ಮೇಲೆ ತಿಂಗಳಿಗೊಮ್ಮೆ ನಾವಿಬ್ಬರೂ ಎದುರುಬದುರು ಕುಳಿತು ಉಣ್ಣತೊಡಗಿದೆವು.

ಅಕ್ಕ ಕೇಳುತ್ತಿದ್ದುದು ಒಂದನ್ನೇ, ಖಾನಾಪುರದ ಬಳಿಯ ಬೀಡಿ ಎಂಬ ಊರಿನ ನಮ್ಮ ತವರುಮನೆಯ ಎಮ್ಮೆ ಮೊಸರು. ಶನಿವಾರ ಸಂಜೆ ನಾನು ಊರಿಗೆ ಹೋದರೆ, ಅಣ್ಣನ ಹೆಂಡತಿ ಖಾನಾಪುರದ ಕುಂಬಾರರು ಮಾಡಿದ ಗಡಿಗೆಯಲ್ಲಿ ಹಾಲಿಗೆ ಹೆಪ್ಪು ಹಾಕಿಡುತ್ತಿದ್ದಳು. ಕಂಪನಿಯವರು ವಿಮಾನದ ವೇಳೆ ಬದಲಿಸಿದಾಗಲೆಲ್ಲ ಅವಳ ಹೆಪ್ಪಿನ ವೇಳೆಯೂ ಬದಲಾಗುತ್ತಿತ್ತು. ಅಕ್ಕನ ತಟ್ಟೆಗೆ ಬೀಳುವ ಹೊತ್ತಿಗೆ ಮೊಸರು ಗಟ್ಟಿಯಾಗಿ, ಸಿಹಿಯಾಗಿ ಇರಬೇಕು ಎಂಬುದು ಅತ್ತಿಗೆಯ ಹಟ.

ಸಾಂಬ್ರಾ ವಿಮಾನ ನಿಲ್ದಾಣದ ಕೌಂಟರುಗಳಲ್ಲಿ ಆಗ ಬೆಲ್ಲದಂಥ ಮಾತು. ಗಡಿಗೆಯ ಬಾಯಿಗೆ ಕಟ್ಟಿದ ಬಟ್ಟೆಯ ಗಂಟನ್ನು ಅಲ್ಲಿನ ಹುಡುಗಿಯೊಬ್ಬಳು ತಾನೇ ಬಿಗಿ ಮಾಡಿ, ಮಡಿಲಲ್ಲಿಟ್ಟುಕೊಳ್ಳಿ ಎಂದು ಕಳಿಸಿದ್ದಳು. ಆ ನಯವೆಲ್ಲ ನಾನು ಪಕ್ಕದ ಕೌಂಟರಿಗೆ ಹೋಗಿಬಿಟ್ಟೇನು ಎಂಬ ಹೆದರಿಕೆಯದು. ಗೊತ್ತಿದ್ದೂ ಹಿಗ್ಗುತ್ತಿದ್ದೆ.

ಆಮೇಲೆ ಒಂದು ಕಂಪನಿ ಗಂಟುಮೂಟೆ ಕಟ್ಟಿತು. ಉಳಿದದ್ದರ ದರ ಏರಿತು, ಮುಖವೂ ಬಿಗಿಯಾಯಿತು. ಅದೇ ಗಡಿಗೆಗೆ ಈಗ ನಿಯಮ ಅಡ್ಡ ಬಂತು. ವಾದ ಮಾಡಿ ಸೋತು, ಗಡಿಗೆಯನ್ನು ಹೊರಗಿದ್ದ ಆಟೋದವನಿಗೆ ಕೊಟ್ಟು ಬರಿಗೈಯಲ್ಲಿ ವಿಮಾನ ಹತ್ತಿದೆ. ಬಾಗಿಲು ತೆಗೆದ ಅಕ್ಕ ಮೊದಲು ನೋಡಿದ್ದೇ ನನ್ನ ಕೈಗಳನ್ನು. ಊಟಕ್ಕೆ ಪಾಕೀಟಿನ ಮೊಸರು ಬಡಿಸಿದಳು.

ಕೆಲವು ತಿಂಗಳಲ್ಲಿ ಆ ವಿಮಾನವೂ ನಿಂತಿತು. ರೈಲಿಗಾದರೆ ಇಡೀ ಒಂದು ದಿನ ಬೇಕು, ಅಷ್ಟರಲ್ಲಿ ಮೊಸರು ಹುಳಿಯಾಗುತ್ತದೆ ಎಂದುಕೊಂಡು ನಾನು ಎರಡು ವರ್ಷ ಹೋಗಲೇ ಇಲ್ಲ. ಅಕ್ಕನನ್ನು ನೋಡುವ ಹಂಬಲ ಮಾತ್ರ ನನ್ನನ್ನು ಒಂದು ದಿನವೂ ಬಿಟ್ಟಿರಲಿಲ್ಲ. ಪಾಠದ ನಡುವೆ ಮೇಲೆ ವಿಮಾನದ ಸದ್ದಾದರೆ ಹಲಗೆಯ ಮೇಲೆ ಬರೆಯುತ್ತಿದ್ದ ಖಡು ಕೈಯಲ್ಲೇ ಹಿಡಿದು ನಿಂತುಬಿಡುತ್ತಿದ್ದೆ. ಅದು ಬೇರೆ ಯಾವುದೋ ಊರಿಗೆ ಹೋಗುವ ವಿಮಾನ ಎಂದು ತಿಳಿದೂ ಸದ್ದು ಅಡಗುವವರೆಗೆ ಕಿಟಕಿಯಾಚೆ ನೋಡುತ್ತಿದ್ದೆ. ಫೋನಿನಲ್ಲಿ ಮಾತ್ರ ಕಂಪನಿಗಳನ್ನು ಬೈದದ್ದೇ ಬೈದದ್ದು.

ಹೋದ ತಿಂಗಳು ಮತ್ತೆ ಅದೇ ರಾಗ ತೆಗೆದೆ. ಅಕ್ಕ ನಡುವೆಯೇ ತಡೆದಳು.

“ಮೊಸರ ಹುಳಿ ಆದ್ರ ಮಜ್ಜಗಿ ಮಾಡೂಣು. ನೀ ಬರಲಿಲ್ಲಂದ್ರ ನಾ ಏನ್ ಮಾಡ್ಲಿ, ತಂಗಿ?”

ಶಾಲೆಗೆ ರಜೆ ಬರೆದುಕೊಟ್ಟು, ಗಡಿಗೆ ಹಿಡಿದು ಖಾನಾಪುರದಲ್ಲಿ ರೈಲು ಹತ್ತಿದೆ. ದಾವಣಗೆರೆ ದಾಟುವಾಗ ಹುಳಿ ವಾಸನೆ ಬಂತು. ಬಟ್ಟೆ ಬಿಚ್ಚಿ ನೋಡುವ ಮನಸ್ಸಾಗಲಿಲ್ಲ. ಬಾಗಿಲು ತೆಗೆದ ಅಕ್ಕ ಈ ಸಲ ನನ್ನ ಕೈಗಳ ಕಡೆ ನೋಡಲೇ ಇಲ್ಲ.