ಅವ್ವನ ದನಿಗೆಂದು ಕೊಂಡ ಕ್ಯಾಮೆರಾ

ಅವ್ವನ ಗಂಟಲಿನಲ್ಲಿ ಗಡ್ಡೆಯಿದೆ, ಆಪರೇಷನ್ ಆದ ಮೇಲೆ ದನಿ ಮೊದಲಿನಂತೆ ಉಳಿಯುತ್ತದೆಂದು ಮಾತು ಕೊಡಲಾಗದು ಎಂದು ಕೊಲ್ಹಾಪುರದ ಡಾಕ್ಟರು ಹೇಳಿದ ದಿನವೇ ಕ್ಯಾಮ್‌ಕಾರ್ಡರ್ ಕೊಳ್ಳಬೇಕೆಂದು ತೀರ್ಮಾನಿಸಿದೆ. ಬರೀ ಟೇಪ್ ರೆಕಾರ್ಡರ್ ಸಾಲದು. ಅವ್ವನ ಅರ್ಧ ಮಾತು ಕೈಯಲ್ಲಿ, ಹುಬ್ಬಿನಲ್ಲಿ. ಮೊಬೈಲಿನ ವಿಡಿಯೊದಲ್ಲಿ ಮುಖ ಕಲಸಿದ ಹಿಟ್ಟಿನ ಹಾಗೆ ಕಾಣುತ್ತಿದ್ದ ವರ್ಷಗಳವು.

ಆಗ ನಾನು ಇಚಲಕರಂಜಿಯ ಶಾಲೆಯೊಂದರಲ್ಲಿ ಮರಾಠಿ ಕಲಿಸುತ್ತಿದ್ದೆ. ಬದನೆಕಾಯಿಯನ್ನೂ ನಾಲ್ಕು ಕಡೆ ಹಿಚುಕಿ ನೋಡಿ ಕೊಳ್ಳುವವಳು ನಾನು; ಕ್ಯಾಮೆರಾ ಬಿಡುತ್ತೇನೆಯೇ? ಎರಡು ವಾರ ಅವರಿವರ ತಲೆ ತಿಂದೆ. ಅಗ್ಗದ ಕ್ಯಾಮೆರಾದಲ್ಲಿ ದನಿ ಕೊಡದೊಳಗಿನಿಂದ ಬಂದಂತಿತ್ತು. ದುಬಾರಿಯದರಲ್ಲಿ ಮದುವೆ ಫೋಟೊಗ್ರಾಫರಿಗೆ ಬೇಕಾದ ಗುಂಡಿಗಳೇ ಹೆಚ್ಚು. ನಡುವಿನ ಬೆಲೆಯದೊಂದು ಮನಸ್ಸಿಗೆ ಬಂತು. ಮೆಮೊರಿ ಕಾರ್ಡಿನದು, ಮಬ್ಬು ಕೋಣೆಯಲ್ಲೂ ಮುಖ ತೋರಿಸುತ್ತದೆ, ಮೈಕು ಒಳ್ಳೆಯದು. ಜೂಮ್ ಕಡಿಮೆ, ಇರಲಿ. ನಾನೇನು ಹುಲಿಯ ಚಿತ್ರ ತೆಗೆಯಬೇಕಿತ್ತೇ?

ಅವ್ವ ಗಡಹಿಂಗ್ಲಜದಲ್ಲಿ ಅಣ್ಣನ ಮನೆಯಲ್ಲಿದ್ದಳು. ಮುಂದಿನ ತಪಾಸಣೆಗೆ ಅವಳನ್ನು ಕೊಲ್ಹಾಪುರಕ್ಕೆ ಕರೆತಂದಾಗ, ದವಾಖಾನೆ ಮುಗಿಸಿ ನೇರ ಅಂಗಡಿಗೆ ಹೋದೆವು. ನನಗೆ ಆ ಮೈಕನ್ನು ಅವ್ವನ ದನಿಯಲ್ಲೇ ಪರೀಕ್ಷಿಸಬೇಕಿತ್ತು. ಅಂಗಡಿಯವನು ಕ್ಯಾಮೆರಾಕ್ಕೆ ವೈರು ಸಿಕ್ಕಿಸಿ ಗೋಡೆಯ ದೊಡ್ಡ ಟಿವಿಗೆ ಜೋಡಿಸಿ, ರೆಕಾರ್ಡಿಂಗ್ ಗುಂಡಿ ಒತ್ತಿದ. ಏನಾದರೂ ಮಾತಾಡು ಅಂದೆ.

"ಏನ್ ಮಾತಾಡ್ಲಿ? ಇಷ್ಟು ರೊಕ್ಕಾ ಸುರದು ನನ್ನ ಸುಕ್ಕಿದ ಮಾರಿ ತಗಿಯಾಕ ಬಂದಾಳ, ಹುಚ್ಚಿ!" ಎಂದವಳು ಶುರು ಹಚ್ಚಿಕೊಂಡಳು. ತವರೂರು ದಾನೋಳಿಯ ಸುದ್ದಿ. "ನಮ್ಮ ಕಾಕಾ ಬಾಳಿ ತೋಟ ಕಾಯಾಕ ಕುಂತಾಂವ ಅಲ್ಲೇ ಗೊರಕಿ ಹೊಡಿತಿದ್ದ. ನಾವು ಅವನ ಪಟಕಾದಾಗಽ ಬಾಳಿಹಣ್ಣ ಕಟ್ಟಕೊಂಡು ಓಡಿದ್ವಿ!" ಕಾಕಾನ ತಲೆಯಿಂದ ಬಿಚ್ಚಿದ ರುಮಾಲನ್ನು ಕೈಯಲ್ಲೇ ಸುತ್ತಿ ತೋರಿಸುತ್ತ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಬಳೆಯ ಸದ್ದು ಕೂಡ ಟಿವಿಯಲ್ಲಿ ಸ್ಪಷ್ಟವಾಗಿ ಕೇಳಿತು. ಇದೇ ಬೇಕು ಅಂದುಕೊಂಡೆ.

ಅಷ್ಟರಲ್ಲಿ ಹಿಂದಿನಿಂದ, "ಮ್ಯಾಡಮ್, ತುಮ್ಹೀ ಕಾನಡೀ ಹೋಯ್?" ನೀವು ಕನ್ನಡದವರೇ ಎಂದು ಕೇಳಿದ್ದು ನನ್ನ ವಿದ್ಯಾರ್ಥಿಯೊಬ್ಬಳ ತಾಯಿ. ಫ್ರಿಜ್ ನೋಡಲು ಬಂದಿದ್ದರು. ನಿಮ್ಮ ಮರಾಠಿ ಕೇಳಿದರೆ ಗೊತ್ತೇ ಆಗುವುದಿಲ್ಲ ಎಂದು ಹೊಗಳಿದರು ಕೂಡ. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ ಎಂದು ಬೆಳೆದವಳು ನಾನು. ಯಾರೂ ನನ್ನನ್ನು ಹೀಯಾಳಿಸಿರಲಿಲ್ಲ. ಆದರೂ ಕಿವಿ ಬಿಸಿಯಾಯಿತು.

"ಅವ್ವಾ, ಸಾಕು. ಮರಾಠೀಲೆ ಮಾತಾಡ. ಮಂದಿ ನೋಡಾಕತ್ತಾರ," ಎಂದೆ, ಹಲ್ಲು ಕಚ್ಚಿ.

ಅವ್ವ ಸುತ್ತ ನೋಡಿದಳು. ಟಿವಿಯಲ್ಲಿದ್ದ ತನ್ನನ್ನೂ ನೋಡಿದಳು. ಸೆರಗು ಸರಿಮಾಡಿಕೊಂಡು ಬಾಯಿ ಮುಚ್ಚಿದಳು. ಇದನ್ನು ನಿಮಗೇ ಕಾರ್ಡಿನಲ್ಲಿ ಹಾಕಿಕೊಡಲೇ ಎಂದು ಅಂಗಡಿಯವನು ಕೇಳಿದ. ಬೇಡ, ಅಳಿಸಿಬಿಡಿ ಅಂದೆ. ನನ್ನ ಬಾಯಿಂದಲೇ ಅಂದೆ.

ಆಪರೇಷನ್ನಿಗೆ ಇನ್ನೂ ಒಂದು ವಾರವಿತ್ತು. ರಜೆ ಹಾಕಿ ಗಡಹಿಂಗ್ಲಜಕ್ಕೆ ಹೋಗಿ, ಪಡಸಾಲೆಯಲ್ಲಿ ಅಂದು ಕೊಂಡು ತಂದ ಕ್ಯಾಮೆರಾ ನಿಲ್ಲಿಸಿದೆ. ಅವ್ವ ಹೊಸ ಸೀರೆಯುಟ್ಟು, ಎರಡೂ ಕೈ ತೊಡೆಯ ಮೇಲಿಟ್ಟು ಕುಳಿತು, "ನಮಸ್ಕಾರ" ಎಂದು ಮರಾಠಿಯಲ್ಲಿ ಆರಂಭಿಸಿದಳು. ಎಷ್ಟು ಮಕ್ಕಳು, ಎಷ್ಟು ಮೊಮ್ಮಕ್ಕಳು, ದೇವರು ಎಲ್ಲರನ್ನೂ ಚೆನ್ನಾಗಿಟ್ಟಿರಲಿ. ಅವಳಿಗೆ ಸಂತೆ ಮಾಡುವಷ್ಟು ಮರಾಠಿ ಬರುತ್ತಿತ್ತು, ನಗುವಷ್ಟು ಬರುತ್ತಿರಲಿಲ್ಲ.

"ಅವ್ವಾ, ಇಲ್ಲಿ ಯಾರೂ ಇಲ್ಲ. ಕನ್ನಡದಾಗ ಮಾತಾಡ. ನಿಮ್ಮ ಕಾಕಾನ ಸುದ್ದಿ ಹೇಳ."

"ಟಿವ್ಯಾಗ ಬರ್ತೈತಲ್ಲ. ನಾಳೆ ನಿಮ್ಮ ಸಾಲಿ ಮಂದಿ ನೋಡಿದ್ರ?"

ಯಾರಿಗೂ ತೋರಿಸುವುದಿಲ್ಲವೆಂದು ಆಣೆ ಹಾಕಿದೆ, ಗೋಗರೆದೆ, ಕೊನೆಗೆ ರೇಗಿದೆ. ರೇಗಿದ್ದಕ್ಕೆ ಅವಳು ಇನ್ನಷ್ಟು ನೆಟ್ಟಗೆ ಕುಳಿತಳು. ಕದ್ದು ಚಿತ್ರ ತೆಗೆಯೋಣವೆಂದರೆ ಕ್ಯಾಮೆರಾದ ಕೆಂಪು ದೀಪ ಅವಳ ಕಣ್ಣು ತಪ್ಪುತ್ತಿರಲಿಲ್ಲ. ದೀಪ ಆರಿದರೆ ಸಾಕು, "ಚಾ ಕುಡಿತೀಯೇನ?" ಎಂದು ಮತ್ತೆ ನನ್ನ ಅವ್ವನಾಗುತ್ತಿದ್ದಳು. ಏಳು ದಿನವೂ ಹೀಗೇ ಹೋಯಿತು.

ಗಡ್ಡೆ ಹೋಯಿತು, ಅವ್ವ ಉಳಿದಳು. ದನಿ ಉಳಿಯಲಿಲ್ಲ. ಈಗ ಅವಳ ಬಾಯಿಂದ ಬರುವುದು ಬರೀ ಉಸಿರಿನ ಸಪ್ಪಳ, ಹತ್ತಿರ ಕೂತರೆ ಮಾತ್ರ ಮಾತೆಂದು ತಿಳಿಯುತ್ತದೆ. ಅಂಗಡಿಯವನು ಅಳಿಸಿದ ಆ ಮೂರ್ನಾಲ್ಕು ನಿಮಿಷಗಳು ನನಗೆ ಪಾಠ ಮಾಡುವಾಗಲೂ ನೆನಪಾಗುತ್ತಿದ್ದವು. ಹಲಗೆಯ ಕಡೆ ತಿರುಗಿ ನಿಲ್ಲುತ್ತಿದ್ದೆ.

ಎರಡು ತಿಂಗಳ ನಂತರ ಅವಳೇ ವಿಡಿಯೊ ಹಚ್ಚು ಎಂದು ಸನ್ನೆ ಮಾಡಿದಳು. ಹಚ್ಚಿದೆ. ಶಾಲೆಯ ಮಗುವಿನಂತೆ ನೆಟ್ಟಗೆ ಕುಳಿತು ಮರಾಠಿ ಒಪ್ಪಿಸುತ್ತಿದ್ದ ತನ್ನನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು. ಮುಗಿದ ಮೇಲೆ ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಉಸುರಿದಳು.

"ತಪ್ಪಿಲ್ಲದಂಗ ಮಾತಾಡೇನಲ್ಲ? ನಿನಗ ನಾಚಿಕಿ ಆಗೂದಿಲ್ಲಲ್ಲ?"

"ಇಲ್ಲವ್ವಾ. ಭಾಳ ಚಲೋ ಮಾತಾಡಿದಿ," ಎಂದೆ.

ಅವಳ ಮುಖ ಅರಳಿತು. ಇನ್ನೊಮ್ಮೆ ಹಚ್ಚು ಎಂದು ಕೈಮಾಡಿದಳು. ಹಚ್ಚಿದೆ.