ಕೇಳದೆ ಮುರಿದ ಬೀಗ

ರಜೆ ಅರ್ಜಿ ಬರೆಯಲು ಪೆನ್ನು ಹುಡುಕುತ್ತಿದ್ದೆ. ಮೇಜಿನ ಖಾನೆಯ ಮೂಲೆಯಲ್ಲಿ ಬೆರಳಿಗೆ ತಣ್ಣನೆಯ ಕಬ್ಬಿಣ ತಾಗಿತು. ಕೊಂಡಿ ಸೊಟ್ಟಗಾದ ಹಳೆಯ ಬೀಗ. ಮೂಸಿದರೆ ಇಷ್ಟು ವರ್ಷದ ಮೇಲೂ ಗ್ರೀಸಿನ ವಾಸನೆ. ಬೀಗವನ್ನೂ ಯಾರಾದರೂ ಮೂಸುತ್ತಾರೆಯೇ ಎಂದು ನೀವು ನಗಬಹುದು. ನಗಿ. ಇದನ್ನು ಮುರಿದವಳು ನನ್ನ ಚಿಕ್ಕವ್ವ. ಅವಳನ್ನು ನೋಡಿ ನಾವೂ ಬೇಕಾದಷ್ಟು ನಕ್ಕವರೇ.

ಚಿಕ್ಕವ್ವ ಹನಗೋಡಿನ ಹೊಳೆದಂಡೆಯಲ್ಲಿ ಬೆಳೆದು ನಮ್ಮೂರಿಗೆ ಸೊಸೆಯಾಗಿ ಬಂದವಳು. ನಮ್ಮಜ್ಜಿಯ ಯಜಮಾನಿಕೆಯಲ್ಲಿ ಕೇಳದೆ ಒಂದು ಚೊಂಬನ್ನೂ ಮುಟ್ಟುವಂತಿರಲಿಲ್ಲ. "ಅತ್ತೆವ್ವ, ಒಲೆ ಅಂಟಿಸ್ಲಾ?" "ಅತ್ತೆವ್ವ, ತಲೆಗೆ ನೀರಾಕ್ಕಳ್ಲಾ?" ಅಜ್ಜಿ ತೀರಿಕೊಂಡ ಮೇಲೂ ಆ ಅಭ್ಯಾಸ ಹೋಗಲಿಲ್ಲ, ಮಕ್ಕಳಾದ ನಮ್ಮನ್ನೇ ಕೇಳತೊಡಗಿದಳು.

"ಸೀನು ಬಂದ್ರೂ ಕೇಳ್ಕಂಡೇ ಸೀನ್ತೀಯ ಅಲ್ವಾ ಚಿಕ್ಕವ್ವ?" ಎಂದು ನನ್ನ ತಂಗಿ ಸುಮ ರೇಗಿಸುತ್ತಿದ್ದಳು.

"ಈಗ ನಗ್ಲಾ ಬ್ಯಾಡ್ವಾ, ಅದುನ್ನಾದ್ರೂ ಯೇಳೆ."

ನಿಜ ಹೇಳಬೇಕೆಂದರೆ ಅಪ್ಪಣೆಗೆ ಕಾಯುವುದರಲ್ಲಿ ನಾನೇ ಅವಳಿಗಿಂತ ಮೇಲು. ಹುಣಸೂರಿನಲ್ಲಿ ಬಿ.ಎ. ಓದಿದ ಅಷ್ಟೂ ವರ್ಷ 'ಮೇ ಐ ಕಮಿನ್ ಸಾರ್' ಎನ್ನದೆ ಒಂದು ಬಾಗಿಲನ್ನೂ ದಾಟಿದವನಲ್ಲ. ಎಷ್ಟೋ ಸಲ ಒಳಗೆ ಯಾರೂ ಇರುತ್ತಿರಲಿಲ್ಲ.

ಪರೀಕ್ಷೆ ಮುಗಿದ ಬೇಸಗೆಯ ಒಂದು ಮಧ್ಯಾಹ್ನ ಮೂವರೂ ಜಮಖಾನ ಒಗೆಯಲು ನಾಲೆಗೆ ಹೋದೆವು. ನೀರು ಪಾದ ಮುಳುಗುವಷ್ಟಿತ್ತು. ಸುಮಳ ಕಾಲು ಜಾರಿ ಎರಡು ಚಪ್ಪಡಿಗಳ ಸಂದಿಯಲ್ಲಿ ಸಿಕ್ಕಿಕೊಂಡಿತು. ನಾವು ಎಳೆದೆಳೆದು ಸೋತರೂ ಅವಳು ನಗುತ್ತಲೇ ಇದ್ದಳು. ಅಷ್ಟರಲ್ಲಿ ನೀರು ಮೊಣಕಾಲಿಗೆ ಬಂತು. ನೀರು ಬಿಡುವ ಕೆಲಸದ ನೀರುಗಂಟಿ ಕಾಳಣ್ಣ ಮೇಲುಗಡೆ ಗೇಟು ಎತ್ತಿ, ಅದರ ಚಕ್ರಕ್ಕೆ ಬೀಗ ಹಾಕಿ ಊಟಕ್ಕೆ ಹೋಗಿದ್ದ. ನೀರು ಸೊಂಟ ಮುಟ್ಟಿದಾಗ ಸುಮಳ ನಗು ನಿಂತಿತು. "ಅಣ್ಣ, ಏನಾರ ಮಾಡೋ" ಎಂದಳು.

"ಬೀಗ ಒಡ್ದಾಕ್ಲಾ?" ಎಂದು ಚಿಕ್ಕವ್ವ, ರೂಢಿಯಂತೆ, ನನ್ನನ್ನು ಕೇಳಿದಳು.

"ಬ್ಯಾಡ ಚಿಕ್ಕವ್ವ, ಸರ್ಕಾರದ್ದು, ಕೇಸಾಯ್ತದೆ. ಕಾಳಣ್ಣನ್ನ ಕೇಳ್ಕಂಡು ಬತ್ತೀನಿ."

ಸೈಕಲ್ ತುಳಿದೆ. ಕಾಳಣ್ಣ ಮುದ್ದೆ ಉಣ್ಣುತ್ತಿದ್ದ. ಉಣ್ಣುವವರನ್ನು ಎಬ್ಬಿಸಬಾರದು, ಅವರ ಮುಂದೆ ಕೆಟ್ಟ ಸುದ್ದಿ ಹೇಳಬಾರದು ಎಂದು ಕಲಿತ ನಾಲಗೆ ನನ್ನದು. "ಕಾಳಣ್ಣ, ಗೇಟಿನ ಬೀಗದ ಕೈ ಬೇಕಿತ್ತು" ಎಂದೆ, ಅಷ್ಟೇ.

"ಕೂತ್ಕಳಪ್ಪ, ಕೈ ತೊಳ್ಕಂಡು ಬತ್ತೀನಿ."

ನಾನು ಕೂತೆ. ಹೌದು, ತಂಗಿ ಮುಳುಗುತ್ತಿರುವಾಗ ಜಗಲಿಯ ಮೇಲೆ ಕೂತೆ. ಆಗ ಬಯಲಿನ ಆಚೆಯಿಂದ ಸದ್ದು ಬಂತು. ಠಣ್. ಠಣ್. ಠಣ್. ಈಗಲೂ ಎಲ್ಲಾದರೂ ಕಬ್ಬಿಣ ಬಡಿದರೆ ನಾನು ಆ ಜಗಲಿಯ ಮೇಲಿರುತ್ತೇನೆ.

ಕಾಳಣ್ಣ ಎಂಜಲು ಕೈಯಲ್ಲೇ ಓಡಿದ, ನಾನು ಅವನ ಹಿಂದೆ. ಸುಮ ನೀರಿನಲ್ಲೇ ದಡದ ಹೊಂಗೆ ಬೇರನ್ನು ತಬ್ಬಿ ನಿಂತಿದ್ದಳು, ಒದ್ದೆ ಗದ್ದ ತನಕ ಇತ್ತು. ಆದರೆ ನೀರು ಇಳಿಯುತ್ತಿತ್ತು. ಗೇಟಿನ ಕಟ್ಟೆಯ ಮೇಲೆ ಚಿಕ್ಕವ್ವ ಸೆರಗು ಬಿಗಿದು ಚಕ್ರ ತಿರುಗಿಸುತ್ತಿದ್ದಳು. ಕಾಲ ಬಳಿ ಪಕ್ಕದ ಹೊಲದವರ ಹಾರೆ, ಅಂಗೈ ತುಂಬ ಗ್ರೀಸು, ರಕ್ತ.

"ಯಾರನ್ನ ಕೇಳಿ ಒಡುದ್ಯವ್ವಾ?" ಕಾಳಣ್ಣ ಅಬ್ಬರಿಸಿದ.

ಅವಳು ಚಕ್ರ ಬಿಡಲಿಲ್ಲ. "ಈಗ ಕೇಳ್ತಿವ್ನಿ ಕಣಣ್ಣ. ನಿಲ್ಸ್ಲಾ?"

ಅವನು ನಾಲೆಯತ್ತ ನೋಡಿದ. ಆಮೇಲೆ ಹಾರೆ ಎತ್ತಿಕೊಂಡು ನೀರಿಗೆ ಧುಮುಕಿ ಚಪ್ಪಡಿ ಮೀಟಿದ. ಕೇಸು ಬರಲಿಲ್ಲ. ಗೇಟಿಗೆ ಹೊಸ ಬೀಗ ಬಂತು, ಹಳೆಯದು ನನ್ನಲ್ಲಿ ಉಳಿಯಿತು.

ಇದರಿಂದ ನಾನು ಬದಲಾದೆ ಎಂದರೆ ನಿಮಗೂ ಸಮಾಧಾನ, ನನಗೂ. ಆದರೆ ಮೈಸೂರಿನಲ್ಲಿ ನೌಕರಿ ಹಿಡಿದ ಎಷ್ಟೋ ವರ್ಷದ ಮೇಲೆ, ಕಾಯಿಲೆ ಬಿದ್ದ ಚಿಕ್ಕವ್ವ ಕೇಳಿದಳು: "ಮಗ, ಒಂದ್ಸಲ ಹನಗೋಡಿನ ಹೊಳೇಲಿ ಕಾಲಿಕ್ಬೇಕು ಕಣ. ಬರ್ಲಾ ನಿನ್ ಜೊತೇಲಿ?"

"ರಜಾ ಕೇಳಿವ್ನಿ ಚಿಕ್ಕವ್ವ, ಸಿಕ್ಕಿದ್ ತಕ್ಷಣ."

ರಜೆ ಮಂಜೂರಾಯಿತು. ಅದನ್ನು ಅವಳ ತಿಥಿಗೆ ಬಳಸಿಕೊಂಡೆ.

ಅವಳು ಬಾಗಿಲ ಸಂದಿಯಲ್ಲಿ ಇಣುಕಿ "ಬರ್ಲಾ?" ಎನ್ನುವುದನ್ನು ಇನ್ನೊಮ್ಮೆ ಕೇಳಬೇಕೆನಿಸುತ್ತದೆ. ಬಾ ಎನ್ನಲು ಈಗ ನನಗೆ ಒಂದು ಗಳಿಗೆಯೂ ಬೇಡ.

ಮೊನ್ನೆ ಸುಮ ಕೊಪ್ಪದಿಂದ ಫೋನ್ ಮಾಡಿದ್ದಳು. "ಚಿಕ್ಕವ್ವನ ಬದ್ಲಿಗೆ ನಾವಾದ್ರೂ ಹೊಳೆಗೆ ಹೋಗ್ಬರನ ಅಣ್ಣ. ರಜಾ ಸಿಕ್ತದಾ?" ಅದಕ್ಕೇ ಈ ಅರ್ಜಿ, ಈ ಪೆನ್ನಿನ ಹುಡುಕಾಟ. ಅರ್ಜಿ ಬರೆಯದೆ ಖಾನೆ ಮುಚ್ಚಿದೆ. ಸುಮಳಿಗೆ ಹನಗೋಡಿಗೆ ಬಾ ಎಂದು ಹೇಳಿ, ಬೀಗವನ್ನು ಜೇಬಿಗೆ ಹಾಕಿಕೊಂಡು ಹುಣಸೂರಿನ ಬಸ್ಸು ಹತ್ತಿದೆ.

ನಾಲೆಯ ಆ ದಿನದಿಂದ ಸುಮ ಹರಿಯುವ ನೀರಿಗೆ ಕಾಲಿಟ್ಟವಳಲ್ಲ. ಹನಗೋಡಿನಲ್ಲಿ ಕೊನೆಯ ಮೆಟ್ಟಿಲ ಮೇಲೆ ನೆರಿಗೆ ಎತ್ತಿ ಹಿಡಿದು ತುಂಬ ಹೊತ್ತು ನಿಂತಳು. ಜೇಬಿನಲ್ಲಿ ನನ್ನ ಕೈ ಬೀಗವನ್ನು ಹಿಡಿದಿತ್ತು.

"ಇಳೀಲಾ ಅಣ್ಣ?" ಎಂದಳು.

ಹೂಂ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಪಾದ ನೀರಿನಲ್ಲಿತ್ತು.